ಪೆನ್ಸಿಲ್ ದಪ್ಪದ ಹಾವಿಗೆ ಒಂದಿಲಿ

ಬೆಟ್ಟ ಅಗೆದು ಇಲಿ ಹಿಡಿದವನನ್ನು ಕಂಡು ನಗುವ ಜನ ಒಂದು ವಿಷಯ ಮರೆಯುತ್ತಾರೆ. ಅವನಿಗೆ ಕೊನೆಗೂ ಇಲಿ ಸಿಕ್ಕಿತ್ತು. ನಮ್ಮ ಟಿಕೆಟ್‌ಗೆ ಅಷ್ಟೂ ಸುಲಭದಲ್ಲಿ ಕೆಲಸವಾಗಲಿಲ್ಲ.

ಟಿಕೆಟ್ ಎನ್ನುವುದು ಅವನಿಗೆ ಬೀದಿಯವರು ಇಟ್ಟ ಹೆಸರು. ಮೃಗಾಲಯದ ಬಾಗಿಲಲ್ಲಿ ಒಂದು ಕಿಂಡಿ ಇತ್ತು, ಕಿಂಡಿಯ ಹಿಂದೆ ಅವನಿದ್ದ. ಕಿಂಡಿಯ ಮುಖ ರಸ್ತೆಯ ಕಡೆಗೆ. ಪ್ರಾಣಿಗಳೆಲ್ಲ ಅವನ ಬೆನ್ನ ಹಿಂದೆ. ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳಾಗಿದ್ದರೂ ಅವನು ಒಳಗೆ ಹೋಗುತ್ತಿದ್ದುದು ಊಟದ ಡಬ್ಬಿ ತೊಳೆಯಲು ಮಾತ್ರ. ಅದೂ ಹಾವಿನ ಮನೆ ಕಣ್ಣಿಗೆ ಬೀಳದ ಹಾಗೆ, ಜಿಂಕೆಗಳ ಕಡೆಯಿಂದ ಸುತ್ತಿ ಬಳಸಿ. ಹಾವೆಂದರೆ ಅವನಿಗೆ ಕೈಕಾಲು ನಡುಗುತ್ತಿತ್ತು. ಆದರೆ ಕಿಂಡಿಯಲ್ಲಿ ಕೂತವನಿಗೆ ಬಾಯಿ ಇರಲೇಬೇಕು. ಒಳಗೆ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ, ಇಪ್ಪತ್ತು ಅಡಿಯ ಹಾವಿದೆ ಎಂದು ಹೇಳಿ ಟಿಕೆಟ್ ಹರಿದು ಕೊಡುತ್ತಿದ್ದ. ಅಂಥ ಹಾವು ಒಳಗೆ ಇರಲಿಲ್ಲ. ಕಾಣಲಿಲ್ಲವಲ್ಲ ಎಂದು ಹಿಂತಿರುಗಿ ಬಂದವರಿಗೆ, ಅದು ಮಲಗಿದೆ, ಎಬ್ಬಿಸಬಾರದು ಎನ್ನುತ್ತಿದ್ದ. ಸಂಜೆ ಅದೇ ಹಾವನ್ನು ಮಾತಿನಲ್ಲಿ ಮನೆಗೂ ತರುತ್ತಿದ್ದ. ಹೆಂಡತಿ ಅದನ್ನು ನಲ್ಲಿಯ ಹತ್ತಿರ ಒಯ್ಯುತ್ತಿದ್ದಳು. ಹೀಗೆ ಅದು ಬೀದಿಯ ಹಾವಾಯಿತು, ಟಿಕೆಟ್ ಅದನ್ನು ಸಾಕಿದವನಾದ.

ಹಾವಿನ ಮನೆ ನೋಡಿಕೊಳ್ಳುತ್ತಿದ್ದ ಮುದುಕ ನಿವೃತ್ತನಾಗಿ ಮಗಳ ಮನೆ ಸೇರಿಕೊಂಡ. ಅವನ ಕೆಲಸ ಖಾಲಿ ಬಿತ್ತು. ಕೆಲಸದ ಜೊತೆಗೆ ಹಾವಿನ ಮನೆಯ ಹಿಂದಿನ ಕ್ವಾರ್ಟರ್ಸೂ ಖಾಲಿ ಬಿತ್ತು: ಎರಡು ಕೋಣೆ, ಮತ್ತು ಇನ್ನೊಬ್ಬರು ಕೊಡ ತಂದಿಡಲಾಗದ ಸ್ವಂತ ನಲ್ಲಿ. ಎರಡು ತಿಂಗಳಾಗುವಷ್ಟರಲ್ಲಿ ಕೇರೆ ಹಾವಿನ ಮೊಟ್ಟೆ ಒಡೆದು ಆರು ಮರಿ ಹೊರಗೆ ಬಂದವು. ನೋಡಿಕೊಳ್ಳಿ ಎಂದರೆ ಯಾರೂ ಒಪ್ಪಲಿಲ್ಲ. ಆನೆಯವನು ಆನೆ ಬಿಟ್ಟು ಬರಲಾರೆ ಎಂದ. ಹಕ್ಕಿಯವನು, ಹಕ್ಕಿಗೂ ಹಾವಿಗೂ ಮೊದಲಿಂದ ಆಗಿಬರುವುದಿಲ್ಲ ಎಂದ. ಆಗ ನಿರ್ದೇಶಕರಿಗೆ, ಕಿಂಡಿಯಲ್ಲಿ ಕೂತು ಹಾವಿನ ಬಗ್ಗೆ ಅಷ್ಟು ಅಕ್ಕರೆಯಿಂದ ಮಾತಾಡುವವನೊಬ್ಬ ಇದ್ದಾನಲ್ಲ ಎಂದು ನೆನಪಾಯಿತು.

"ಮರಿ ಒಂದ್ಸಲ ಪೊರೆ ಬಿಟ್ಟಾಯ್ತು. ಇನ್ನು ಮೊದಲನೇ ತುತ್ತು ತಿನ್ನಬೇಕು," ಎಂದರು. "ನಾನು ಮೀಟಿಂಗ್ ಮುಗಿಸಿ ಸೋಮವಾರ ಬರ್ತೀನಿ. ಆರೂ ತಿಂದಿದ್ರೆ ಕೆಲಸ ನಿನ್ನದು, ಕ್ವಾರ್ಟರ್ಸೂ ನಿನ್ನದು. ಇಲ್ಲಾಂದ್ರೆ ಬೇರೆ ಮೃಗಾಲಯದಿಂದ ಒಬ್ಬ ಬರೋಕೆ ರೆಡಿ ಇದಾನೆ."

ಆಗುವುದಿಲ್ಲ ಎನ್ನಲೆಂದೇ ಟಿಕೆಟ್ ಬಾಯಿ ತೆರೆದ. ಆ ಬಾಯಿಗೆ ಅಂಥ ಮಾತಿನ ಅಭ್ಯಾಸವಿರಲಿಲ್ಲ. "ಬಿಡಿ ಸಾರ್, ನನ್ನ ಕೈಲಿ ಬೆಳೆದ ಮಕ್ಕಳ ಥರ," ಎಂದಿತು.

ಹೆಂಡತಿ ಅಂದು ಸಂಜೆಯೇ ಕೊಡ ಹಿಡಿದು ನಲ್ಲಿಗೆ ಹೋದಳು. ಅವರಿದ್ದ ಬಾಡಿಗೆ ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ಓನರಮ್ಮ ಎನ್ನುತ್ತಿದ್ದರು. ನೀರಿನ ವಿಷಯದಲ್ಲಿ ಓನರಮ್ಮನ ಮೇಲೆ ಆಡಲು ಹೆಂಡತಿ ಬಹಳ ಕಾಲದಿಂದ ಒಂದು ಮಾತು ಕೂಡಿಟ್ಟಿದ್ದಳು. ಅದನ್ನು ಈಗ ಹೊರಗೆ ತೆಗೆದಳು. "ಸೋಮವಾರ ಮನೆ ಬಿಡ್ತಾ ಇದೀವಿ. ನಿಮ್ಮ ನಲ್ಲಿಗೆ ಒಂದು ಬೀಗ ಹಾಕಿ, ಪೂಜೆ ಮಾಡ್ಕೊಂಡು ಕೂತ್ಕೊಳ್ಳಿ."

ಹಿಂದಕ್ಕೆ ತೆಗೆದುಕೊಳ್ಳಬಹುದಾದ ಮಾತಲ್ಲ ಅದು. ಓನರಮ್ಮ ಬೆಳಗಾಗುವುದರೊಳಗೆ ಮನೆಯನ್ನು ನಗರಸಭೆಯ ಹೆಲ್ತ್ ಇನ್‌ಸ್ಪೆಕ್ಟರಿಗೆ ಕೊಡುವುದೆಂದು ಮಾತು ಮುಗಿಸಿದರು. ಅಲ್ಲಿಗೆ ಲೆಕ್ಕ ಸರಳವಾಯಿತು. ಸೋಮವಾರದೊಳಗೆ ಹಾವಿನ ಮರಿಗಳು ತಿಂದರೆ ಟಿಕೆಟ್‌ಗೆ ಮನೆ ಉಂಟು, ತಿನ್ನದಿದ್ದರೆ ಬೀದಿ ಉಂಟು.

ಏನು ತಿನ್ನಿಸಬೇಕೆಂದು ಅವನು ಮುದುಕನಿಗೆ ಫೋನ್ ಮಾಡಿದ. ಆಗಷ್ಟೇ ಹುಟ್ಟಿದ ಇಲಿಮರಿ, ಎಂದ ಮುದುಕ. ಮೈಮೇಲೆ ಕೂದಲು ಬಂದಿರಬಾರದು, ಕಣ್ಣು ಬಿಟ್ಟಿರಬಾರದು, ಹಾವಿನ ಹೊಟ್ಟೆಗಿಂತ ದಪ್ಪ ಇರಬಾರದು. ದಪ್ಪ ಆದರೆ ನುಂಗಲು ಹೋಗಿ ಸಾಯುತ್ತದೆ, ಇಲ್ಲವೇ ಕಕ್ಕಿ ಸಾಯುತ್ತದೆ. ಹಾವು ಪೆನ್ಸಿಲ್ ದಪ್ಪ ಇದೆ ಎಂದ ಟಿಕೆಟ್. ಹಾಗಾದರೆ ಕಿರುಬೆರಳಿನ ತುದಿಯಷ್ಟು ಇಲಿ ಹುಡುಕು, ಅದಕ್ಕೇಕೆ ಚಿಂತೆ, ಇಲಿಕೋಣೆಯ ಬಿಳಿ ಇಲಿಗಳು ಒಂದಾದ ಮೇಲೊಂದು ಮರಿ ಹಾಕುತ್ತಲೇ ಇರುತ್ತವಲ್ಲ ಎಂದ ಮುದುಕ.

ಇಲ್ಲಿ ಟಿಕೆಟ್ ಒಂದು ವಿಷಯ ಒಪ್ಪಿಕೊಳ್ಳಬೇಕಾಯಿತು. ಮುದುಕ ಹೋದ ಮೇಲೆ ಇಲಿಕೋಣೆಯ ಬೀಗದ ಕೈ ಕಿಂಡಿಗೆ, ಎಂದರೆ ಟಿಕೆಟ್‌ನ ಹತ್ತಿರ ಬಂದಿತ್ತು. ಒಂದು ದಿನ ಶಾಲೆಯ ಮಕ್ಕಳನ್ನು ಕರೆತಂದ ಟೀಚರೊಬ್ಬರು, ಗಾಜಿನಾಚೆ ಇಲಿಗಳು ನಡೆದುಕೊಳ್ಳುವ ರೀತಿ ಮಕ್ಕಳು ನೋಡುವಂತಿಲ್ಲ ಎಂದು ಕಿಂಡಿಗೆ ಬಂದು ದೂರಿದ್ದರು. ಟಿಕೆಟ್ ಅಂದೇ ಗಂಡಿಲಿಗಳನ್ನು ಒಂದು ಪಂಜರಕ್ಕೂ ಹೆಣ್ಣಿಲಿಗಳನ್ನು ಇನ್ನೊಂದಕ್ಕೂ ಹಾಕಿ, ನಡುವೆ ರಟ್ಟು ನಿಲ್ಲಿಸಿದ್ದ. ಅವನ ಜೀವಮಾನದಲ್ಲಿ ಒಂದೂ ತಪ್ಪಿಲ್ಲದೆ ಮಾಡಿ ಮುಗಿಸಿದ ಕೆಲಸವೆಂದರೆ ಅದೊಂದೇ. ಒಂದೇ ಒಂದು ಇಲಿಯನ್ನು ತಪ್ಪು ಪಂಜರಕ್ಕೆ ಹಾಕಿದ್ದರೂ ಈಗ ಮರಿಗಳಿರುತ್ತಿದ್ದವು.

ಎಲ್ಲ ಕೇಳಿಸಿಕೊಂಡ ಮುದುಕ, "ಯಾಕಪ್ಪಾ ಹಂಗ್ ಮಾಡ್ದೆ?" ಎಂದ.

"ಮರ್ಯಾದೆ ಪ್ರಶ್ನೆ ಬಂತು," ಎಂದ ಟಿಕೆಟ್.

"ಇಲಿ ಬಂದು ಹೇಳ್ತಾ, ನಮ್ಮ ಮರ್ಯಾದೆ ಹೋಯ್ತು ಅಂತ?" ಮುದುಕ ಫೋನ್ ಇಟ್ಟ.

ಟಿಕೆಟ್ ಓಡಿ ಹೋಗಿ ರಟ್ಟು ತೆಗೆದು ಎಲ್ಲವನ್ನೂ ಒಟ್ಟಿಗೆ ಬಿಟ್ಟ. ಬಹಳ ದಿನದ ಮೇಲೆ ಸೇರಿದ್ದಕ್ಕೋ ಏನೋ, ಅವು ಮೊದಲು ಕಚ್ಚಾಡಿದವು. ಮರುದಿನ ಬೆಳಿಗ್ಗೆ ಮರಿ ಹಾಕಿವೆಯೇ ಎಂದು ಬಂದು ನೋಡಿದ. ಕಸ ಗುಡಿಸುವ ಹೆಂಗಸು, ಅದಕ್ಕೆ ಮೂರು ವಾರ ಬೇಕು ಎಂದಳು. ಬೇಗ ಆಗುವಂಥ ಮದ್ದು ಇದೆಯೇ ಎಂದು ಅವಳನ್ನೇ ಕೇಳಿದ. ಅವಳು ಪೊರಕೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.

ಇದ್ದುದರಲ್ಲೇ ಸಣ್ಣದಾದ ಬಿಳಿ ಇಲಿಯೊಂದನ್ನು ಆರಿಸಿ, ಒಂದು ಹಾವಿನ ಮರಿಯ ಪೆಟ್ಟಿಗೆಯೊಳಗೆ ಬಿಟ್ಟು, ಬಾಗಿಲ ಹೊರಗೆ ನಿಂತು ಇಣುಕಿದ. ಹಾವು ಇಲಿಯನ್ನು ನೋಡಿ ಮೂಲೆಗೆ ಸರಿದು ಸುರುಳಿಯಾಯಿತು. ಇಲಿ ಹಾವಿನ ಬಟ್ಟಲಲ್ಲಿ ನೀರು ಕುಡಿದು, ಮುಖ ತೊಳೆದು, ಆಮೇಲೆ ಹಾವಿನ ಹತ್ತಿರ ಹೋಗಿ ಬಾಲದ ತುದಿಯನ್ನು ಮೂಸಿತು. ಇನ್ನು ಸ್ವಲ್ಪ ಬಿಟ್ಟರೆ ಯಾರು ಯಾರನ್ನು ತಿನ್ನುತ್ತಾರೆಂಬುದು ಖಚಿತವಿರಲಿಲ್ಲ. ಕಸದ ಹೆಂಗಸನ್ನು ಬೇಡಿಕೊಂಡು ಇಲಿಯನ್ನು ಹೊರಗೆ ತೆಗೆಸಿದ.

ಅವನಿದ್ದ ಬೀದಿಯಲ್ಲಿ ಇಲಿಗೆ ಬರವಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವು ತಂತಿಯ ಮೇಲೆ, ಹಂಚಿನ ಮೇಲೆ, ಚರಂಡಿಯ ಅಂಚಿನಲ್ಲಿ ಕೆಲಸಕ್ಕೆ ಹೊರಟವರಂತೆ ಓಡಾಡುತ್ತಿದ್ದವು. ಯಾರದಾದರೂ ಮನೆಯಲ್ಲಿ ಮರಿ ಹಾಕಿರಲೇಬೇಕೆಂದು ಟಿಕೆಟ್ ಮನೆಮನೆಗೆ ಹೋಗಿ, ನಿಮ್ಮಲ್ಲಿ ಇಲಿ ಇದೆಯೇ ಎಂದು ಕೇಳಿದ. ಇಂಥ ಪ್ರಶ್ನೆಯನ್ನು ಮರ್ಯಾದಸ್ಥರ ಬಾಗಿಲಲ್ಲಿ ನಿಂತು ಕೇಳಬಾರದೆಂದು ಅವನಿಗೆ ಹೊಳೆಯಲಿಲ್ಲ. ಟೈಲರ್ ಮಾಸ್ಟರು, ನನ್ನ ಅಂಗಡಿಗೆ ಕೊಟ್ಟ ಬಟ್ಟೆ ಇಲಿ ಕಡಿಯಿತು ಅಂತ ಯಾರಾದರೂ ಹೇಳಿದರಾ ಎಂದು ಕತ್ತರಿ ಕೆಳಗಿಟ್ಟರು. ನಿವೃತ್ತ ಹೆಡ್ ಕ್ಲರ್ಕರು ಇಲಿ ಎಂಬ ಪ್ರಾಣಿಯನ್ನು ನೋಡಿಯೇ ಯಾವ ಕಾಲವಾಯಿತೋ ಎನ್ನುತ್ತಿರುವಾಗ ಅವರ ಹಿಂದಿನ ಕಪಾಟಿನ ಮೇಲೆ ಒಂದು ಓಡಿ ಹೋಯಿತು. ಇಬ್ಬರೂ ಅತ್ತ ನೋಡಿದರು. ಇಬ್ಬರೂ ನೋಡಲಿಲ್ಲ. ಓನರಮ್ಮನಂತೂ, ನಗರಸಭೆಯ ಆಫೀಸರೇ ಬರುತ್ತಿರುವ ಮನೆಯ ಮೇಲೆ ಹೋಗುವ ಮುಂಚೆ ಅಪವಾದ ಹೊರಿಸಲು ಬಂದಿದ್ದೀಯಾ ಎಂದು ಬಾಗಿಲು ಹಾಕಿಕೊಂಡರು.

"ನಿಮಗೆ ಕೇಳೋಕೆ ಬರಲ್ಲ," ಎಂದಳು ಹೆಂಡತಿ. ಅವಳು ನಲ್ಲಿಗೆ ಹೋಗಿ, ಯಾರ ಮನೆಯ ಸುದ್ದಿಯನ್ನೂ ಎತ್ತದೆ, ಪಾಪ ನಮ್ಮ ಹಾವಿಗೆ ಹಸಿವಾಗಿದೆ, ಮೃಗಾಲಯದಲ್ಲಿ ಇಲಿ ಮುಗಿದಿದೆ ಎಂದಷ್ಟೇ ಹೇಳಿ ಬಂದಳು. ಬೀದಿಗೆ ಗೊತ್ತಿದ್ದ ಹಾವು ಒಂದೇ, ಇಪ್ಪತ್ತು ಅಡಿಯದು.

ಸಂಜೆ ಟೈಲರ್ ಮಾಸ್ಟರು ಇಲಿಬೋನು ಹಿಡಿದು ಬಂದರು. ಎಲ್ಲಿ ಸಿಕ್ಕಿತೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಒಳಗೆ ಬಲಿತ ಇಲಿ. ನಾಲ್ಕು ಜನರ ಎದುರಿಗೆ ಕೊರಳಿನ ಟೇಪು ತೆಗೆದು ಮೂತಿಯಿಂದ ಬಾಲದವರೆಗೆ ಅಳೆದು ತೋರಿಸಿದರು.

"ಈ ಸೈಜ್ ಆಗಲ್ಲ ಮಾಸ್ಟರ್," ಎಂದ ಟಿಕೆಟ್.

"ಸಾಲಲ್ವಾ?"

ನಾಲ್ಕು ಜನ ನೋಡುತ್ತಿದ್ದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಸಾಲಲ್ಲ," ಎಂದ ಟಿಕೆಟ್.

ಮಾಸ್ಟರ ಇಲಿ ಸಾಲಲಿಲ್ಲವೆಂಬ ಸುದ್ದಿ ಹೆಡ್ ಕ್ಲರ್ಕರನ್ನು ಮುಟ್ಟಲು ಬಹಳ ಹೊತ್ತು ಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಅವರು ಬಕೆಟ್ ಹೊತ್ತು ತಂದರು. ಮೇಲೆ ತಟ್ಟೆ, ತಟ್ಟೆಯ ಮೇಲೆ ಕಲ್ಲು. ಒಳಗೆ ಒಂದು ಹೆಗ್ಗಣ ಬಕೆಟ್ಟನ್ನೇ ಅಲುಗಿಸುತ್ತಿತ್ತು. "ಇದು ತಿಂದ ಮೇಲೆ ನಿನ್ನ ಹಾವು ಒಂದು ವಾರ ಊಟದ ಹೆಸರು ಎತ್ತಬಾರದು," ಎಂದರು.

ಟಿಕೆಟ್ ಧೈರ್ಯ ತಂದುಕೊಂಡು, ಇದಕ್ಕಿಂತ ಸಣ್ಣದು ಏನಾದರೂ ಇದ್ದರೆ ಎಂದ.

"ಸಣ್ಣದಾ? ನನ್ನ ಇಡೀ ಸರ್ವಿಸ್‌ನಲ್ಲಿ ಯಾರಿಗೂ ಸಣ್ಣದು ಕೊಟ್ಟ ಕೈಯಲ್ಲ ಇದು. ಸಂಕೋಚ ಮಾಡ್ಕೋಬೇಡ, ಇಟ್ಕೋ."

ಆಮೇಲೆ ಬೀದಿಯಲ್ಲಿ ಯಾರೂ ಹಿಂದೆ ಬೀಳಲಿಲ್ಲ. ಬಿಸಿಲೇರುವ ಹೊತ್ತಿಗೆ ಟಿಕೆಟ್‌ನ ಜಗಲಿಯ ತುಂಬ ಬೋನು, ಡಬ್ಬ, ಗಿಳಿಯ ಪಂಜರ, ಹಗ್ಗ ಕಟ್ಟಿದ ಒಂದು ಕುಕ್ಕರು. ಕೊಟ್ಟವರು ಹೋಗದೆ ಅಲ್ಲೇ ನಿಂತು, ತಮ್ಮದಕ್ಕೂ ಪಕ್ಕದವರದಕ್ಕೂ ಇರುವ ಅಂತರವನ್ನು ಮಾಸ್ಟರ ಟೇಪಿನಲ್ಲಿ ನೋಡಿಕೊಳ್ಳುತ್ತಿದ್ದರು. ಎರಡು ದಿನದ ಹಿಂದೆ ಇಲಿಯೇ ಇಲ್ಲದಿದ್ದ ಬೀದಿ ಅದು.

ಮನೆ ನೋಡಿಹೋಗಲು ಹೆಲ್ತ್ ಇನ್‌ಸ್ಪೆಕ್ಟರು ಬಂದದ್ದು ಆಗಲೇ. ಸಣಕಲು ಮನುಷ್ಯ, ಮೂಗಿಗೆ ಕರವಸ್ತ್ರ ಹಿಡಿದೇ ಗಾಡಿಯಿಂದ ಇಳಿದರು. ಜಗಲಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಇವೆಲ್ಲ ಯಾವ ಯಾವ ಮನೆಯಿಂದ ಬಂದವು ಎಂದು ಕೇಳಿದರು. ಓನರಮ್ಮ ಗೋಡೆ ಹಿಡಿದುಕೊಂಡರು. ಯಾವ ಮನೆಯಿಂದಲೂ ಬಂದಿರಲಿಲ್ಲ. ಮಾಸ್ಟರು ಟೇಪು ಜೇಬಿಗೆ ಹಾಕಿಕೊಂಡರು. ಬಕೆಟ್ಟಿನ ಮೇಲೆ ಹೆಡ್ ಕ್ಲರ್ಕರ ಹೆಸರು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು. ಅವರು ಆ ಹೆಸರಿನ ಪಕ್ಕದಲ್ಲೇ ನಿಂತು ಬಕೆಟ್ಟಿನ ಪರಿಚಯವಿಲ್ಲ ಎಂದರು.

"ಎಲ್ಲಾ ನಂದೇ ಸಾರ್, ಹಾವಿಗೆ," ಎಂದ ಟಿಕೆಟ್.

ಇನ್‌ಸ್ಪೆಕ್ಟರು, ಯಾರದಾದರೂ ಆಗಲಿ, ನಾಳೆ ಬೆಳಿಗ್ಗೆ ನಮ್ಮವರು ಬಂದು ಪ್ರತಿ ಮನೆಗೂ ಪಾಷಾಣ ಇಡುತ್ತಾರೆ ಎಂದರು. ಪಾಷಾಣ ತಿಂದ ಇಲಿ ಹಾವಿಗೂ ಪಾಷಾಣವೇ. ಇನ್ನು ಉಳಿದದ್ದು ಇವತ್ತು ಒಂದು ದಿನ. ಇನ್‌ಸ್ಪೆಕ್ಟರು ಬಕೆಟ್ಟಿನ ತಟ್ಟೆಯನ್ನು ಸ್ವಲ್ಪ ಸರಿಸಿ ನೋಡಿ ತಟ್ಟನೆ ಮುಚ್ಚಿ, "ಇದನ್ನ ತಿನ್ನೋ ಹಾವು ಎಷ್ಟು ದೊಡ್ಡದಯ್ಯ?" ಎಂದು ಕೇಳಿದರು.

ಉತ್ತರ ಬೀದಿಗೆಲ್ಲ ಗೊತ್ತಿತ್ತು. ಅಧಿಕಾರಿಯ ಎದುರಿಗೆ ಅದನ್ನು ಕೇಳುವ ಸುಖಕ್ಕಾಗಿ ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು.

"ಪೆನ್ಸಿಲ್ ದಪ್ಪ ಇದೆ ಸಾರ್," ಎಂದ ಟಿಕೆಟ್.

ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಪೆನ್ಸಿಲ್ಲಾ?" ಎಂದರು ಹೆಡ್ ಕ್ಲರ್ಕರು. ಅವರ ದನಿಯಲ್ಲಿ ಪಿಂಚಣಿ ನಿಂತುಹೋದ ಸುದ್ದಿ ಕೇಳಿದವರ ಸಂಕಟವಿತ್ತು.

ಟಿಕೆಟ್ ಕೈ ಮುಗಿದು ಎಲ್ಲವನ್ನೂ ಹೇಳಿಬಿಟ್ಟ. ಇಪ್ಪತ್ತು ಅಡಿಯ ಹಾವಿಲ್ಲ, ಆರು ಮರಿ ಇವೆ. ಇವತ್ತೇ ಹುಟ್ಟಿದ, ಕಿರುಬೆರಳ ತುದಿಯಷ್ಟು ಇಲಿಮರಿ ಬೇಕು. ಇಲ್ಲದಿದ್ದರೆ ನಾಳೆ ತನಗೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಇಷ್ಟು ವರ್ಷ ತಮ್ಮದೆಂದುಕೊಂಡಿದ್ದ ಹಾವನ್ನು ಅವನು ಒಂದೇ ಮಾತಿನಲ್ಲಿ ಕೊಂದುಹಾಕಿದ್ದ. ಜನ ಮುಖ ತಿರುಗಿಸಿ ಹೊರಟರು. ಹೊರಟವರಿಗೆ ತಮ್ಮ ಡಬ್ಬ ಬೋನುಗಳನ್ನು ತೆಗೆದುಕೊಂಡು ಹೋಗುವ ಹಾಗೂ ಇರಲಿಲ್ಲ, ನಮ್ಮದಲ್ಲ ಎಂದು ಈಗಷ್ಟೇ ಹೇಳಿಯಾಗಿತ್ತು. ಕುಕ್ಕರು ಕೊಟ್ಟ ಮನೆಯಲ್ಲಿ ಅಂದು ಮಧ್ಯಾಹ್ನ ಅಡುಗೆ ತಡವಾಯಿತು. ಇನ್‌ಸ್ಪೆಕ್ಟರು ಸಂಜೆ ಬಂದು ಬೀಗದ ಕೈ ತೆಗೆದುಕೊಳ್ಳುತ್ತೇನೆಂದು ಹೇಳಿ ಹೋದರು.

ಸಂಜೆಗೆ ಸ್ವಲ್ಪ ಮುಂಚೆ ಹಿಂಬಾಗಿಲಿನಿಂದ ಓನರಮ್ಮ ಟಿಕೆಟ್‌ನನ್ನು ಕೈಸನ್ನೆ ಮಾಡಿ ಕರೆದರು.

"ಇಲಿ ಅಂತ ನಾನು ಹೇಳ್ತಾ ಇಲ್ಲ," ಎಂದರು ಸಣ್ಣ ದನಿಯಲ್ಲಿ. "ಸೋಫಾ ಒಳಗೆ ಏನೋ ಕೆಂಪಗೆ ಇದೆ. ಚೀಂ ಚೀಂ ಅಂತಿದೆ. ಆಫೀಸರು ಬಂದು ಅದರ ಮೇಲೇ ಕೂತ್ಕೊಳ್ಳೋದು. ಅವರು ಬರೋಷ್ಟರಲ್ಲಿ ತೆಗೆದುಬಿಡಪ್ಪ. ಬಾಯಿ ಬಿಡಬಾರದು."

ಆ ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಬಾಡಿಗೆಯವರಾರೂ ಅದರ ಮೇಲೆ ಕೂತವರಲ್ಲ. ಬಾಡಿಗೆ ಕೊಡಲು ಬಂದವರು ನಿಂತೇ ಕೊಟ್ಟು ಹೋಗುತ್ತಿದ್ದರು. ಅಡಿಯಲ್ಲಿ ಬಟ್ಟೆ ಹರಿದು ಒಂದು ತೂತಾಗಿತ್ತು. ಟಿಕೆಟ್ ನೆಲಕ್ಕೆ ಬೆನ್ನು ಹಚ್ಚಿ, ಸೋಫಾದ ಕೆಳಗೆ ತೂರಿ, ತೂತಿನಲ್ಲಿ ಮೊಣಕೈವರೆಗೆ ಕೈ ಹಾಕಿದ. ಹತ್ತಿಯ ನಡುವೆ ಬೆಚ್ಚಗೆ, ಮೆತ್ತಗೆ, ಕಡಲೆಬೀಜದಷ್ಟು ದಪ್ಪದ ಜೀವಗಳು ಅವನ ಬೆರಳಿಗೆ ತಾಗಿದವು.

ಆಗ ಮುಂಬಾಗಿಲಿನಿಂದ ಇನ್‌ಸ್ಪೆಕ್ಟರು ಒಳಗೆ ಬಂದು ಸೋಫಾದ ಮೇಲೆ ಕೂತರು.

ಸ್ಪ್ರಿಂಗುಗಳು ಇಳಿದು ಟಿಕೆಟ್‌ನ ಕೈ ಒಳಗೇ ಸಿಕ್ಕಿಕೊಂಡಿತು. ಎರಡು ಕಾಲು ಸೋಫಾದ ಅಡಿಯಿಂದ ಹೊರಗೆ ಚಾಚಿದ್ದನ್ನು ಕಂಡು ಇನ್‌ಸ್ಪೆಕ್ಟರು ಇದು ಯಾರೆಂದು ಕೇಳಿದರು. ಸೋಫಾ ರಿಪೇರಿಯವನು, ಸ್ಪ್ರಿಂಗು ನೋಡುತ್ತಿದ್ದಾನೆ, ನೀವು ಆರಾಮವಾಗಿ ಕೂತುಕೊಳ್ಳಿ ಎಂದು ಓನರಮ್ಮ ಚಹಾ ತರಲು ಹೋದರು. ಅವರ ಬದುಕಿನಲ್ಲಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮಾತು ಇಷ್ಟು ಹತ್ತಿರ ಬಂದು ನಿಂತಿರಲಿಲ್ಲ. ತಾಯಿ ಇಲಿ ಟಿಕೆಟ್‌ನ ತೋಳಿನ ಮೇಲಿಂದ ಇಳಿದು, ಎದೆ ದಾಟಿ, ಕುತ್ತಿಗೆಯ ಹತ್ತಿರ ಒಂದು ಕ್ಷಣ ನಿಂತು ದಾರಿ ಯೋಚಿಸಿ, ಗೋಡೆಯ ಸಂದಿಗೆ ಹೋಯಿತು. ಅವನು ತುಟಿ ಕಚ್ಚಿಕೊಂಡು ಬಿದ್ದಿದ್ದ. ಮೇಲೆ ಇನ್‌ಸ್ಪೆಕ್ಟರು ಬಿಸ್ಕತ್ತು ಅದ್ದಿ ತಿನ್ನುತ್ತ ತಮ್ಮ ಅನುಭವ ಹೇಳುತ್ತಿದ್ದರು.

"ಇಲಿ ಇರೋ ಮನೆಗೆ ಒಂದು ವಾಸನೆ ಇರುತ್ತಮ್ಮ. ಬಾಗಿಲಲ್ಲೇ ನನಗೆ ಗೊತ್ತಾಗಿಬಿಡುತ್ತೆ. ನಿಮ್ಮನೇಲಿ ಅದಿಲ್ಲ. ಅದಕ್ಕೇ ಒಪ್ಪಿಕೊಂಡೆ."

ಬೀಗದ ಕೈ ಅವರ ಜೇಬು ಸೇರಿತು. ಅವರು ಎದ್ದ ಮೇಲೆ ಟಿಕೆಟ್‌ನ ಕೈ ಹೊರಗೆ ಬಂತು, ಮುಷ್ಟಿಯಲ್ಲಿ ಏಳು ಮರಿ. ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮೃಗಾಲಯಕ್ಕೆ ಓಡಿದ. ಆರು ಪೆಟ್ಟಿಗೆಯ ಮುಚ್ಚಳವನ್ನು ಒಂದೊಂದಾಗಿ ಅರ್ಧ ಬೆರಳಿನಷ್ಟು ಸರಿಸಿ, ಕಣ್ಣು ಮುಚ್ಚಿ, ಒಂದೊಂದು ಮರಿಯನ್ನು ಒಳಗೆ ಬೀಳಿಸಿ, ದೀಪ ಆರಿಸಿ ಹೊರಗೆ ಓಡಿ ಬಂದ. ತನ್ನ ಕೈಲಿ ಬೆಳೆದ ಮಕ್ಕಳು ಅವು.

ಸೋಮವಾರ ಬೆಳಿಗ್ಗೆ ಮನೆಯ ಸಾಮಾನೆಲ್ಲ ಗಾಡಿಗೆ ಹೇರಿ ಆಗಿತ್ತು. ಇನ್‌ಸ್ಪೆಕ್ಟರ ಮಂಚ ಒಳಗೆ ಹೋಗುವಾಗ ಟಿಕೆಟ್‌ನ ಮಂಚ ಹೊರಗೆ ಬರುತ್ತಿತ್ತು. ಹೆಂಡತಿ ಗಾಡಿಯಲ್ಲಿ ಪಾತ್ರೆಯ ಮೂಟೆಯ ಮೇಲೆ ಕೂತು ಮೃಗಾಲಯದ ಬಾಗಿಲವರೆಗೆ ಬಂದಳು. "ಒಳಗೆ ಹೋಗಿ ಬನ್ನಿ. ಗಾಡಿಯವನಿಗೆ ಯಾವ ಕಡೆ ತಿರುಗಿಸಬೇಕು ಅಂತ ಹೇಳಬೇಕು," ಎಂದಳು. ಹಿಂದಿನ ದಿನ ಬಾಗಿಲು ಹಾಕಿಕೊಂಡ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ನಿರ್ದೇಶಕರು ಬಂದಿದ್ದರು. ಪಕ್ಕದಲ್ಲಿ ಬೇರೆ ಮೃಗಾಲಯದವನು ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ. ಐದು ಪೆಟ್ಟಿಗೆಗಳಲ್ಲಿ ಹಾವಿನ ಮರಿಗಳು ಹೊಟ್ಟೆಯ ನಡುವೆ ಒಂದೊಂದು ಗಂಟು ಹಾಕಿಕೊಂಡು ಮಲಗಿದ್ದವು. ಆರನೆಯದು ಒಂದು ಮೂಲೆಯಲ್ಲಿ, ಇಲಿಮರಿ ಇನ್ನೊಂದು ಮೂಲೆಯಲ್ಲಿ. ಇಲಿಮರಿ ಸತ್ತು ತಣ್ಣಗಾಗಿತ್ತು. ಡಬ್ಬಿಯಲ್ಲಿ ಉಳಿದಿದ್ದ ಏಳನೆಯದೂ ಅಷ್ಟೇ.

ಆರೂ ಎಂದಿದ್ದೆನಲ್ಲ ಎಂದರು ನಿರ್ದೇಶಕರು. ಹೊಸಬ ಚೀಲ ಕೆಳಗಿಟ್ಟ. ಸತ್ತದ್ದನ್ನು ಹಾವು ಮುಟ್ಟುವುದಿಲ್ಲ, ಅದು ಜೀವಂತ ಇರುವಂತೆ ಕಾಣಬೇಕು, ಚಿಮಟದಲ್ಲಿ ಹಿಡಿದು ಆಡಿಸಬೇಕು, ಆ ಕೈ ಎಲ್ಲರಿಗೂ ಬರುವುದಿಲ್ಲ ಎಂದ. ಅವನೇ ಮೊದಲು ಆಡಿಸಿದ. ಅವನದು ಪಳಗಿದ, ಗಟ್ಟಿ ಕೈ. ಇಲಿ ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಗಡಿಯಾರದ ಲೋಲಕದಂತೆ ಹೋಗಿ ಬಂತು. ಹಾವು ತಲೆಯನ್ನು ಸುರುಳಿಯೊಳಗೆ ಇಟ್ಟುಕೊಂಡಿತು.

"ನೀನು ನೋಡು," ಎಂದು ನಿರ್ದೇಶಕರು ಚಿಮಟವನ್ನು ಟಿಕೆಟ್‌ನ ಕೈಗೆ ಕೊಟ್ಟರು.

ಮುಚ್ಚಳ ಪೂರ್ತಿ ತೆರೆದಿತ್ತು. ಅಷ್ಟು ಹತ್ತಿರದಲ್ಲಿ ಅವನು ಯಾವ ಹಾವನ್ನೂ ನೋಡಿರಲಿಲ್ಲ. ಅವನ ಮೊಣಕಾಲಲ್ಲಿ ಶುರುವಾದ ನಡುಕ ಸೊಂಟಕ್ಕೆ ಏರಿ, ತೋಳಿಗೆ ಇಳಿದು, ಚಿಮಟದ ತುದಿಗೆ ಬಂತು. ಇಲಿಮರಿ ಬೆದರಿತು, ತಡವರಿಸಿತು, ಓಡಲು ನೋಡಿ ನಿಂತಿತು, ಮತ್ತೆ ಮೈ ಅದುರಿಸಿತು. ಬದುಕಿದ್ದಾಗಲೂ ಅದರಲ್ಲಿ ಅಷ್ಟು ಜೀವವಿರಲಿಲ್ಲ. ಹಾವು ತಲೆ ಎತ್ತಿತು. ಹಾವು ತಲೆ ಎತ್ತಿದ್ದು ಕಂಡು ನಡುಕ ಇಮ್ಮಡಿಯಾಯಿತು. ಹಾವು ಹಾರಿ ಹಿಡಿಯಿತು.

ಟಿಕೆಟ್ ಚಿಮಟ ಬಿಡಲಿಲ್ಲ. ಬಿಡಲು ಬೆರಳು ಒಪ್ಪಲಿಲ್ಲ. ಹಾವು ತನ್ನ ಪಾಡಿಗೆ ಇಲಿಯನ್ನು ಎಳೆದುಕೊಂಡು, ತಲೆಯ ಕಡೆಯಿಂದ ತಿರುಗಿಸಿ ಹಿಡಿದು, ನಿಧಾನವಾಗಿ ನುಂಗತೊಡಗಿತು. ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದರು, ಒಬ್ಬ ಬೇರೆ ಕಾರಣಕ್ಕೆ.

ನಿರ್ದೇಶಕರು ಹೊಸಬನ ಕಡೆ ತಿರುಗಿ, "ಮಣಿಕಟ್ಟು ನೋಡಿದ್ರಾ? ಕಿಂಡಿಯಲ್ಲಿ ಕೂರಿಸಿ ನಾನೇ ಇಷ್ಟು ವರ್ಷ ಹಾಳು ಮಾಡಿದೆ," ಎಂದರು. ಕ್ವಾರ್ಟರ್ಸಿನ ಬೀಗದ ಕೈ ತರಿಸಲು ಆಳನ್ನು ಕಳಿಸಿದರು.

ಹೊಸಬ ತನ್ನ ಚೀಲ ಎತ್ತಿಕೊಂಡವನು ಹೋಗದೆ ಹತ್ತಿರ ಬಂದು, ಗೋಡೆಗೆ ಒರಗಿ ನೆಲಕ್ಕೆ ಕುಸಿದಿದ್ದ ಟಿಕೆಟ್‌ನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅಣ್ಣಾ, ಎಷ್ಟೋ ಜನರ ಹತ್ರ ಕಲಿತಿದೀನಿ, ಈ ನಡುಕ ಯಾರ ಕೈಲೂ ನೋಡಿಲ್ಲ. ನನಗೂ ಸ್ವಲ್ಪ ಹೇಳ್ಕೊಡಿ."

ಟಿಕೆಟ್ ಉಸಿರು ಸರಿಯಾಗುವವರೆಗೆ ಕಾದ.

"ಹೇಳ್ಕೊಟ್ರೆ ಬರೋದಲ್ಲಪ್ಪ," ಎಂದ. "ಒಳಗಿಂದ ಬರಬೇಕು."